ಆಸ್ಟರ್ ಕಿತ್ತರೂ ಸೇವಂತಿಗೆ ಕೀಳಬೇಡಿ

ಹೂವಿನ ಅಂಗಡಿಯಲ್ಲಿ ಆಸ್ಟರ್ ಮತ್ತು ಸೇವಂತಿಗೆಯನ್ನು ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು, ಎರಡರ ತವರೂ ಚೀನಾ. ವ್ಯತ್ಯಾಸ ತಿಳಿಯಬೇಕಾದರೆ ಹೂ ಮುಗಿದ ಮೇಲೆ ಗಿಡದ ಬುಡ ನೋಡಬೇಕು. ಆಸ್ಟರ್ ತುದಿಯಿಂದ ಬೇರಿನವರೆಗೆ ಒಣಗಿ ನಿಂತಿರುತ್ತದೆ. ಸೇವಂತಿಗೆಯ ಹಳೆಯ ಕಾಂಡ ಒಣಗಿದರೂ ಬುಡದ ಸುತ್ತ ಮಣ್ಣನ್ನು ಸೀಳಿಕೊಂಡು ಹಸಿರು ಕಂದುಗಳು ಎದ್ದಿರುತ್ತವೆ. ಮೊದಲನೆಯದು ಏಕವಾರ್ಷಿಕ, ಎರಡನೆಯದು ಬಹುವಾರ್ಷಿಕ.

ಏಕವಾರ್ಷಿಕವೆಂದರೆ ಹನ್ನೆರಡು ತಿಂಗಳು ಬದುಕುವ ಗಿಡ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳುಂಟು. ಚೆಂಡುಹೂವಿನ ಗಿಡ ಅಷ್ಟು ದಿನ ಎಲ್ಲಿ ಬದುಕುತ್ತದೆ? ಸಸಿ ನೆಟ್ಟ ಎರಡು ತಿಂಗಳೊಳಗೆ ಹೂ, ನಾಲ್ಕೈದು ತಿಂಗಳಿಗೆ ಅದರ ಆಟ ಮುಗಿಯಿತು. ಇಲ್ಲಿ ಲೆಕ್ಕ ತಿಂಗಳಿನದಲ್ಲ. ಮೊಳೆತು, ಬೆಳೆದು, ಬೀಜ ಕಟ್ಟಿ ಸಾಯುವುದೇ ಏಕವಾರ್ಷಿಕದ ಲಕ್ಷಣ. ಎಲೆಗಳು ತಯಾರಿಸಿದ ಆಹಾರವನ್ನೆಲ್ಲ ಅದು ಬೀಜಕ್ಕೇ ಸುರಿಯುತ್ತದೆ. ನಾಳೆಗೆಂದು ಬೇರಿನಲ್ಲಿ ಏನನ್ನೂ ಕೂಡಿಡುವುದಿಲ್ಲ. ಬಾಡಿದ ಹೂಗಳನ್ನು ಆಗಾಗ ಚಿವುಟಿದರೆ ಹೂವಿನ ಕಾಲ ಲಂಬಿಸುವುದೂ ಇದರಿಂದಲೇ. ಬೀಜ ಕಟ್ಟಲಾಗದ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ಬಹುವಾರ್ಷಿಕ ಗಿಡ ಜಿಪುಣ. ಸುಗಂಧರಾಜ ಗಡ್ಡೆಯಲ್ಲಿ, ಗುಲಾಬಿ, ಮಲ್ಲಿಗೆಗಳು ಕಾಂಡ ಮತ್ತು ಬೇರಿನಲ್ಲಿ ಮುಂದಿನ ಸಲಕ್ಕೆಂದು ಒಂದಿಷ್ಟು ಉಳಿಸಿಕೊಳ್ಳುತ್ತವೆ.

ಇಂಗ್ಲಿಷ್ ತೋಟಗಾರಿಕೆ ಪುಸ್ತಕ ಓದುವವರಿಗೆ ಇಲ್ಲೊಂದು ತೊಡಕಿದೆ. ನಿತ್ಯಪುಷ್ಪ, ಕೆಂಪು ಸಾಲ್ವಿಯಾಗಳು ಅಲ್ಲಿ ಏಕವಾರ್ಷಿಕಗಳ ಪಟ್ಟಿಯಲ್ಲಿ ಸಿಗುತ್ತವೆ. ಅವುಗಳನ್ನು ಕೊಲ್ಲುವುದು ಆ ದೇಶದ ಚಳಿಗಾಲದ ಹಿಮ, ಅವುಗಳ ಹುಟ್ಟುಗುಣವಲ್ಲ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ಮಾಗಿಯ ಚಳಿ ಎಷ್ಟೇ ಕೊರೆದರೂ ಹಿಮ ಬೀಳುವುದಿಲ್ಲ. ಅಂಥ ಊರಿನ ಹಿತ್ತಲಲ್ಲಿ ನಿತ್ಯಪುಷ್ಪ ಹೆಸರಿಗೆ ತಕ್ಕಂತೆ ವರ್ಷಗಟ್ಟಲೆ ಬಾಳುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಗಿಡದ ಬುಡ ನೋಡುವುದು ಲೇಸು.

ಹೂ ಬೆಳೆಯುವ ಮನೆಗಳಿಗೆ ಇದು ಹಣದ ಪ್ರಶ್ನೆಯೂ ಹೌದು. ಏಕವಾರ್ಷಿಕಕ್ಕೆ ಪ್ರತಿ ಬೆಳೆಗೂ ಹೊಸ ಬೀಜ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ಮೊದಲಾದ ಆಸ್ಟರ್ ತಳಿಗಳಿಂದ ಬೀಜ ಉಳಿಸಿಕೊಳ್ಳಬಹುದು. ಹೈಬ್ರಿಡ್ ಚೆಂಡುಹೂವಿನ ಬೀಜ ಉಳಿಸಿ ಬಿತ್ತಿದರೆ ಗಿಡಗಳು ಒಂದರಂತೆ ಒಂದು ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಸೇವಂತಿಗೆಯ ಕಂದು ಹಾಗಲ್ಲ, ಅದು ತಾಯಿಗಿಡದ್ದೇ ತುಣುಕು. ಅದೇ ಬಣ್ಣ, ಅದೇ ಗಾತ್ರ. ತಾಯಿಗೆ ರೋಗವಿದ್ದರೆ ಅದೂ ಬಳುವಳಿಯಾಗಿ ಬರುತ್ತದೆ ಎನ್ನುವುದನ್ನು ಮಾತ್ರ ಮರೆಯಬಾರದು.

ಇಷ್ಟಾದರೂ ಹಬ್ಬಕ್ಕೆಂದು ಕುಂಡಸಮೇತ ತಂದ ಸೇವಂತಿಗೆಯನ್ನು ಹೂ ಬಾಡಿದ ಕೂಡಲೇ ತಿಪ್ಪೆಗೆ ಹಾಕುವ ಮನೆಗಳೇ ಹೆಚ್ಚು. ಅದನ್ನು ಗೇಣುದ್ದಕ್ಕೆ ಕತ್ತರಿಸಿ, ಅರೆನೆರಳಲ್ಲಿಟ್ಟು, ಮಣ್ಣು ಒಣಗದಷ್ಟು ನೀರು ಕೊಟ್ಟರೆ ಸಾಕು. ಮುಂಗಾರಿನ ಹೊತ್ತಿಗೆ ಬೇರುಸಹಿತ ಕಂದುಗಳನ್ನು ಬಿಡಿಸಿ ಹೊಸ ಮಣ್ಣಿಗೆ ನೆಡಬಹುದು. ರಾತ್ರಿಗಳು ಉದ್ದವಾಗುತ್ತ ಬಂದಾಗ ಮೊಗ್ಗು ತಾನಾಗಿ ಬರುತ್ತದೆ. ಬೆಂಗಳೂರಿನ ಸುತ್ತಮುತ್ತ ಕೆಲವು ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಯುವುದನ್ನು ಕಂಡವರಿರಬಹುದು. ರಾತ್ರಿಯನ್ನು ತುಂಡರಿಸಿ, ಹೂವನ್ನು ಬೇಕಾದ ದಿನಕ್ಕೆ ಮುಂದೂಡುವ ಉಪಾಯ ಅದು.

ಚೆಂಡುಹೂವಿಗೆ ಇಂಥ ಉಪಚಾರ ಬೇಡ, ದಿನದ ಲೆಕ್ಕ ಬೇಕು. ಜನವರಿ 26ಕ್ಕೆ ಶಾಲೆಯ ಧ್ವಜಕಂಬದ ಸುತ್ತ ಹೂ ಅರಳಿರಬೇಕಾದರೆ ಅಕ್ಟೋಬರ್ ಕೊನೆಗೇ ಬೀಜ ಬಿತ್ತಬೇಕು, ಮೂರು ನಾಲ್ಕು ವಾರ ಕಳೆದ ಮೇಲೆ ಸಸಿಗಳನ್ನು ಪಾತಿಗೆ ನೆಡಬೇಕು.