ಮಗುವಿಗೆ ಮತ್ತೆ ಜ್ವರ: ಹಾಜರಿ ಪುಸ್ತಕ ಹೇಳುವ ಕಥೆ

ಮಳೆಗಾಲ ಬಂತೆಂದರೆ ಮದ್ರಸದ ಹಾಜರಿ ಪುಸ್ತಕದಲ್ಲಿ ಗೈರು ಹೆಚ್ಚಾಗುತ್ತದೆ. ಕಾರಣ ಕೇಳಿದರೆ ಒಂದೇ ಉತ್ತರ, "ಜ್ವರ ಉಸ್ತಾದ್." ಹದಿನೈದು ದಿನ ಕಳೆದು ಅದೇ ಮಗುವಿಗೆ ಮತ್ತೆ ಜ್ವರ. "ದೃಷ್ಟಿ ತಾಗಿರಬೇಕು, ನೀರು ಊದಿ ಕೊಡಿ" ಎಂದು ಬಾಟಲಿ ಹಿಡಿದು ಬರುವ ಉಮ್ಮಂದಿರಿದ್ದಾರೆ. ಊದಿ ಕೊಡುತ್ತೇನೆ. ಆದರೆ ರಕ್ತ ಪರೀಕ್ಷೆ ಆಯಿತಾ ಅಂತ ಮೊದಲು ಕೇಳುತ್ತೇನೆ.

ಎಲ್ಲಾ ಜ್ವರಕ್ಕೂ ಹೆದರಬೇಕಾಗಿಲ್ಲ. ಅಂಗನವಾಡಿ, ಮದ್ರಸಕ್ಕೆ ಹೊಸದಾಗಿ ಹೋಗುವ ಸಣ್ಣ ಮಕ್ಕಳಿಗೆ ವರ್ಷದಲ್ಲಿ ಆರೆಂಟು ಸಲ ಶೀತ ಜ್ವರ ಬರುವುದು ಸಾಮಾನ್ಯ. ಪ್ರತಿ ಸಲವೂ ಬೇರೆ ಬೇರೆ ವೈರಸ್. ನಡುವಿನ ದಿನಗಳಲ್ಲಿ ಮಗು ಆಡುತ್ತಾ, ಉಣ್ಣುತ್ತಾ, ತೂಕ ಏರುತ್ತಾ ಇದ್ದರೆ ಅದು ದೇಹ ಕಲಿಯುತ್ತಿರುವ ಪಾಠ ಅಷ್ಟೆ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ಕುಡಿಸಿದರೆ ವೈರಸ್‌ಗೆ ಏನೂ ಆಗುವುದಿಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಮಲೇರಿಯಾ ಇದೆ, ಡೆಂಗಿ ಇದೆ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಲಿವರ್‌ನಲ್ಲಿ ಅಡಗಿ ಕೂರುತ್ತದೆ. ಅದಕ್ಕೇ ಡಾಕ್ಟರು 14 ದಿನದ ಮಾತ್ರೆ ಬರೆಯುವುದು. ಮೂರನೇ ದಿನ ಜ್ವರ ಬಿಟ್ಟಿತು ಅಂತ ನಾವು ಮಾತ್ರೆ ನಿಲ್ಲಿಸುತ್ತೇವೆ. ವಾರಗಳೋ ತಿಂಗಳುಗಳೋ ಕಳೆದು ಬರುವುದು ಹೊಸ ಜ್ವರವಲ್ಲ, ಹಳೆಯದೇ ಎದ್ದು ಬಂದದ್ದು.

ಡೆಂಗಿಯಲ್ಲಿ ಇನ್ನೊಂದು ಮೋಸ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆ, ಮಂಪರು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ನಾವು ಮಾಡುವುದೇನು? ಜ್ವರ ಬಿಟ್ಟಿದೆ ಅಂತ ನಾಲ್ಕನೇ ದಿನ ಚೀಲ ಹೆಗಲಿಗೇರಿಸಿ ಕಳಿಸುತ್ತೇವೆ.

ಇದರಲ್ಲಿ ನಮ್ಮ ಪಾಲೂ ಇದೆ. ಪೂರ್ಣ ಹಾಜರಿಗೆ ನಾನೇ ಬಹುಮಾನ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಎರಡನೇ ಕ್ಲಾಸಿನ ಹುಡುಗಿಯ ಹಣೆ ಮುಟ್ಟಿದರೆ ಕೆಂಡ. ಯಾಕೆ ಬಂದೆ ಎಂದರೆ, "ಪ್ರೈಝ್ ಹೋಗ್ತದೆ ಉಸ್ತಾದ್." ಆ ಬಹುಮಾನ ಅಂದೇ ನಿಲ್ಲಿಸಿದೆ.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ, ಆದರೆ ಲೆಕ್ಕ ಸರಿ ಇರಬೇಕು. ಪ್ಯಾರಾಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಒಂದು ಕಿಲೋಗೆ ಸಲಕ್ಕೆ 15 ಮಿಲಿಗ್ರಾಂ ಮೀರಬಾರದು, ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಒಂದು ಬಾಟಲಿಯ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಬಾಪ ಗಲ್ಫ್‌ನಿಂದ ತಂದ ಬಾಟಲಿಯಾದರೂ ಲೇಬಲ್ ಓದಿಯೇ ಕೊಡಿ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್, ಮೆಫೆನಾಮಿಕ್ ಮುಟ್ಟಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರವಾದರೆ ಕಾಯುವ ಮಾತೇ ಇಲ್ಲ, ಆಗಲೇ ಡಾಕ್ಟರಲ್ಲಿಗೆ. ಶೀತ ಕೆಮ್ಮು ಇಲ್ಲದೆ ಪದೇ ಪದೇ ಜ್ವರ ಬಂದರೆ ಮೂತ್ರ ಪರೀಕ್ಷೆಯೂ ಬೇಕು. ಜ್ವರ ಬಂದ ದಿನ, ಬಿಟ್ಟ ದಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕುವವರಿಗೆ ದಂಡವನ್ನೂ ಇಟ್ಟಿತು. ದಂಡಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಜೋರು. ನಮ್ಮ ಮಕ್ಕಳು ಬೆಳ್ಳಂಬೆಳಿಗ್ಗೆ ಸಾಲಾಗಿ ಕೂರುವುದು ಎಲ್ಲಿ? ಮದ್ರಸದಲ್ಲಿ. ಹಿಂದೆಯೇ ಮುಚ್ಚಳವಿಲ್ಲದ ಟ್ಯಾಂಕಿ, ಟರ್ಪಾಲಿನಲ್ಲಿ ನಿಂತ ನೀರು, ತೋಟದಲ್ಲಿ ರಬ್ಬರ್ ಹಾಲಿನ ಚಿಪ್ಪುಗಳು. ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿದರೆ ಮರಿಗಳು ಸೊಳ್ಳೆಯಾಗುವ ಮೊದಲೇ ಸಾಯುತ್ತವೆ. ಚಿಪ್ಪುಗಳನ್ನು ಮಕ್ಕಳೂ ನಾನೂ ಸೇರಿ ಕವುಚಿದ್ದೇವೆ. ಟ್ಯಾಂಕಿಯ ಮುಚ್ಚಳದ ವಿಷಯ ಜಮಾಅತ್ ಸಭೆಯಲ್ಲಿ ಎರಡು ಸಲ ಎತ್ತಿದ್ದೇನೆ, ಮುಂದಿನ ಸಭೆಯಲ್ಲೂ ಎತ್ತುತ್ತೇನೆ.