ಎಲ್ಲಾ ಕಿಮೋನೊ ಒಂದೇ ಅಲ್ಲ

ಅನಿಮೆ ನೋಡೋ ನಮಗೆಲ್ಲ ಕಿಮೋನೊ ಗೊತ್ತು. ಆದರೆ ರೇಷ್ಮೆಯದಿರಲಿ, ಹತ್ತಿಯದಿರಲಿ, ನಮಗೆ ಎಲ್ಲಾ ಒಂದೇ. ಜಪಾನಿನಲ್ಲಿ ಹಾಗಲ್ಲ. ಯಾರು, ಯಾವಾಗ, ಯಾವುದನ್ನು ತೊಡಬೇಕು ಅನ್ನೋದಕ್ಕೆ ಲೆಕ್ಕವಿದೆ.

ಫುರಿಸೊದೆ ಮದುವೆಯಾಗದ ಯುವತಿಯರದು. ತೋಳು ಸುಮಾರು ಒಂದು ಮೀಟರ್ ಇಳಿಬಿದ್ದಿರುತ್ತೆ. ಜನವರಿಯ ಎರಡನೇ ಸೋಮವಾರ, ವಯಸ್ಕರಾದವರ ದಿನದಂದು, ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನ ಹುಡುಗಿಯರು ಇದನ್ನು ತೊಡ್ತಾರೆ. ಮದುವೆ ಮನೆಯಲ್ಲಿ ವಧೂವರರ ತಾಯಂದಿರು ಹಾಕೋದು ಕುರೊತೊಮೆಸೊದೆ: ಕಪ್ಪು ರೇಷ್ಮೆ, ಐದು ಕಡೆ ಮನೆತನದ ಲಾಂಛನ, ಸೊಂಟದ ಕೆಳಗೆ ಮಾತ್ರ ಚಿತ್ತಾರ. ಆ ಚಿತ್ತಾರ ಇಲ್ಲದೆ ಪೂರ್ತಿ ಕಪ್ಪಾಗಿದ್ದರೆ ಅದು ಮೊಫುಕು, ಸಾವಿನ ಮನೆಗೆ. ಬೇಸಿಗೆಯ ಹಬ್ಬ, ಪಟಾಕಿ ನೋಡೋಕೆ ಹೋಗುವಾಗ ಹಗುರವಾದ ಹತ್ತಿಯ ಯುಕಾತ ಸಾಕು.

ಹಾಗಂತ ಕಾಲೇಜ್ ಫೆಸ್ಟ್‌ನ ಕಾಸ್‌ಪ್ಲೇಗೆ ಹಾಕಲೇಬಾರದು ಅಂತ ನಾವು ಹೇಳ್ತಿಲ್ಲ. ಧಾರಾಳವಾಗಿ ಹಾಕೋಣ, ಯುಕಾತ ಇರೋದೇ ಅಂಥ ಸಂಭ್ರಮಕ್ಕೆ. ಆದರೆ ಹಾಕುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ಗಂಡಸರಿಗೂ ಹೆಂಗಸರಿಗೂ ಇದೇ ನಿಯಮ. ಬಲಗಡೆಯದು ಮೇಲೆ ಬರೋ ಹಾಗೆ ಉಡಿಸೋದು ಶವಕ್ಕೆ ಮಾತ್ರ! ಕನ್ನಡಿ ಮುಂದೆ ಎರಡು ಸೆಕೆಂಡ್ ನೋಡಿಕೊಂಡರೆ ಆಯ್ತು. ಇನ್ನೊಬ್ಬರ ಉಡುಪನ್ನು ಇಷ್ಟಪಟ್ಟು ತೊಡೋ ನಾವು, ಅದರ ಹೆಸರು, ಸಂದರ್ಭ ಎರಡನ್ನೂ ತಿಳಿದುಕೊಂಡು ತೊಟ್ಟರೆ ಮಾತ್ರ ಆ ಇಷ್ಟಕ್ಕೆ ಬೆಲೆ.