ಗೋಕಾಕದ ಗೊಂಬೆಗೆ ಜಾತ್ರೆ ಸಾಕೆ, ಉತ್ಸವ ಬೇಕೆ?

1911ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಗೋಕಾಕದ ಬಗ್ಗೆ ನಾಲ್ಕಾರು ಸಾಲುಗಳಿವೆ. ಹಳೆಯ ಗುಡಿಗಳು, ಶಾಸನಗಳು, ಘಟಪ್ರಭೆಯ ಜಲಪಾತ, ಆ ನೀರಿನ ಬಲದಿಂದ ನಡೆಯುವ ಹತ್ತಿ ಗಿರಣಿ. ಅಷ್ಟರ ನಡುವೆ ಊರಿನ ಗೊಂಬೆ ಕಸುಬಿಗೂ ಜಾಗ ಸಿಕ್ಕಿದೆ. ಹತ್ತು ಸಾವಿರ ಜನರೂ ಇರದಿದ್ದ ಪಟ್ಟಣವನ್ನು ಹೊರಗಿನವರು ಗುರುತಿಸುತ್ತಿದ್ದುದು ಜಲಪಾತದಿಂದ ಮತ್ತು ಗೊಂಬೆಯಿಂದ. ಇವತ್ತು ಗೋಕಾಕ ಎಂದರೆ ಹೊರಗಿನವರಿಗೆ ಫಾಲ್ಸ್ ಮತ್ತು ಕರದಂಟು. ಜೀನಗಾರರ ಮನೆಗಳಲ್ಲಿ ಹಗುರ ಮರವನ್ನು ಕೆತ್ತಿ, ಮಣ್ಣನ್ನು ತಿದ್ದಿ, ಬಣ್ಣ ಬಳಿದು ಮಾಡುವ ದೇವರು, ಪ್ರಾಣಿ, ಹಣ್ಣು, ತರಕಾರಿಗಳ ಆ ಗೊಂಬೆ ಊರಿನ ಹೆಸರಿನಿಂದ ಮೆಲ್ಲಗೆ ಜಾರಿಹೋಗಿದೆ.

ಅದನ್ನು ಮರಳಿ ಹೆಸರಿಗೆ ತರಲು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಸೇರಿ ಒಂದು ಕರಕುಶಲ ಉತ್ಸವ ಮಾಡಬೇಕೆ? ಬೆಳಗಾವಿ ಜಿಲ್ಲೆಗೆ ಉತ್ಸವ ಹೊಸದಲ್ಲ. ಬ್ರಿಟಿಷರ ಮೇಲಿನ 1824ರ ವಿಜಯದ ನೆನಪಿಗೆ ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ, ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣ ಉತ್ಸವ ನಡೆಯುತ್ತವೆ. ಹುಕ್ಕೇರಿಯಲ್ಲಿ ಹಿರೇಮಠದ ದಸರಾ ಇದೆ. ಆದರೆ ಕೈಕೆಲಸವನ್ನೇ ನಡುವಿಗೆ ತಂದು, ಹಳೆಯ ಕಸುಬಿನವರನ್ನೂ ಹೊಸ ಕಲಾವಿದರನ್ನೂ ಒಂದೇ ಚಪ್ಪರದಡಿ ಕೂಡಿಸುವ ಉತ್ಸವ ಬೇರೆಯೇ ಸಂಗತಿ. ಬೇಕು ಎನ್ನುವವರ ವಾದದಷ್ಟೇ ಬಲ ಬೇಡ ಎನ್ನುವವರ ವಾದಕ್ಕೂ ಇದೆ. ನಾನು ಬೇಕು ಎನ್ನುವ ಕಡೆಯವನು. ಆದರೂ ಬೇಡ ಎನ್ನುವವರ ಮಾತನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ಸಾಮಾನ್ಯವಾಗಿ ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಈ ಸೀಮೆಯ ಪಂಚಾಂಗವೇ ಕೈಕೆಲಸದ ಪಂಚಾಂಗ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಗೆ ಜೋಡೆತ್ತು ಬರುತ್ತವೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಗುಳ್ಳವ್ವನನ್ನು ಕೂಡಿಸುತ್ತಾರೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ. ಅವನ ಬೆನ್ನಿಗೇ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕುಳಿತು ಊರು ಸುತ್ತುವ ಜೋಕುಮಾರ. ಮಳೆಗಾಲದ ಈ ಐದು ಮಣ್ಣಿನ ಪೂಜೆಗಳು ಮುಗಿಯುವಷ್ಟರಲ್ಲಿ ದೀಪಾವಳಿಯ ಸೆಗಣಿಯ ಪಾಂಡವರು, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಎತ್ತಿಗೆ ಕೊಂಬು ತಿದ್ದುವುದನ್ನು ಮಗು ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿಯುತ್ತದೆ, ಯಾವ ಕಾರ್ಯಾಗಾರದಲ್ಲೂ ಅಲ್ಲ. ಇನ್ನು ಗ್ರಾಮದೇವತೆಯ ಜಾತ್ರೆ ಬಂತೆಂದರೆ ಮರದ ಮೂರ್ತಿಗೆ ಹೊಸ ಬಣ್ಣವಾಗಬೇಕು, ರಥದ ಕೆಲಸವಾಗಬೇಕು. ಗೋಕಾಕದ ಮಹಾಲಕ್ಷ್ಮೀ ದೇವಿಯ ಜಾತ್ರೆ ಐದು ವರ್ಷಕ್ಕೊಮ್ಮೆ ಬರುವಂಥದ್ದು. ಭಂಡಾರ ಹಾರಿಸಿ ಹೊನ್ನಾಟವಾಡುವ ಜನ ಆ ದೇವಿಯ ಮುಖದ ಬಣ್ಣವನ್ನು ‘ಕಲೆ’ ಎಂದು ನೋಡುವುದಿಲ್ಲ, ಕೈಮುಗಿದು ನೋಡುತ್ತಾರೆ. ಬಣ್ಣ ಹಚ್ಚಿದವನಿಗೆ ಅದಕ್ಕಿಂತ ದೊಡ್ಡ ಪ್ರದರ್ಶನ ಎಲ್ಲಿ ಸಿಕ್ಕೀತು?

ಹೀಗಿರುವಾಗ ಸರಕಾರದ ಚಪ್ಪರ ಇದಕ್ಕೆ ಏನನ್ನು ಸೇರಿಸುತ್ತದೆ ಎಂದು ಬೇಡ ಎನ್ನುವವರು ಕೇಳುತ್ತಾರೆ. ಸೇರಿಸುವುದಕ್ಕಿಂತ ಕಳೆಯುವುದೇ ಹೆಚ್ಚು ಎಂಬುದು ಅವರ ಅನುಭವ. ಇಂಥ ಉತ್ಸವಗಳಲ್ಲಿ ದುಡ್ಡಿನ ದೊಡ್ಡ ಪಾಲು ವೇದಿಕೆ, ದೀಪ, ಸಿನಿಮಾ ಹಾಡುಗಾರರಿಗೆ ಹೋಗುತ್ತದೆ. ಕುಶಲಕರ್ಮಿಗೆ ಸಿಗುವುದು ಧೂಳು ಬಡಿಯುವ ಮೂಲೆಯ ಮಳಿಗೆ. ಪಕ್ಕದಲ್ಲೇ ಎಲ್ಲಿಂದಲೋ ಸಗಟು ತಂದ ಮಾಲನ್ನು ‘ಕೈಕೆಲಸ’ ಎಂದು ಮಾರುವ ವ್ಯಾಪಾರಿ ನಿಂತಿರುತ್ತಾನೆ. ಅವನ ದರದೊಂದಿಗೆ ನಿಜವಾಗಿ ಕೆತ್ತಿದವನು ಪೈಪೋಟಿ ಮಾಡಲಾರ. ಮಣ್ಣಿನ ಹಣ್ಣು ಲಾರಿಯ ಕುಲುಕಿಗೆ ಒಡೆಯುತ್ತದೆ, ಮಾರಾಟವಾಗದ್ದನ್ನು ಹೊತ್ತು ತರುವ ಖರ್ಚು ಬೇರೆ. ಕುಳಿತು ಕೆತ್ತಿ ತೋರಿಸು ಎಂದು ಕೇಳಿದಾಗ, ಮನೆಯಲ್ಲಿ ವಾರಗಟ್ಟಲೆ ಒಣಗಿಸಿ ಮಾಡುವ ಕೆಲಸವನ್ನು ಹತ್ತು ನಿಮಿಷದ ಆಟವಾಗಿಸಬೇಕು.

ಈ ಮಾತುಗಳಲ್ಲಿ ಸುಳ್ಳೆಂದು ತಳ್ಳಿಹಾಕುವಂಥದ್ದು ಯಾವುದೂ ಇಲ್ಲ. ಆದರೆ ಅವು ಹೇಳದೆ ಬಿಟ್ಟ ಒಂದು ಸಂಗತಿಯಿದೆ, ಜಾತ್ರೆಯ ದರ.

ಜಾತ್ರೆಗೆ ಬಂದವರು ಗೊಂಬೆಯನ್ನು ಮಗುವಿನ ಹಟಕ್ಕೆ ಕೊಳ್ಳುತ್ತಾರೆ. ಪೀಪಿ, ಬಲೂನು, ಪ್ಲಾಸ್ಟಿಕ್ ಬಂದೂಕಿನ ಪಕ್ಕದಲ್ಲಿ ಇಟ್ಟು ಚೌಕಾಸಿ ಮಾಡುತ್ತಾರೆ. ಅಲ್ಲಿ ಗೊಂಬೆಯ ದರ ಪ್ಲಾಸ್ಟಿಕ್ಕಿನ ದರವನ್ನು ಬಹಳ ದಾಟುವಂತಿಲ್ಲ. ಮಣ್ಣೆತ್ತು ಕೊಟ್ಟವರಿಗೆ ಒಂದು ಕಾಲದಲ್ಲಿ ಮೊರದಲ್ಲಿ ಜೋಳ ಬೀಳುತ್ತಿತ್ತು. ಈಗ ಬೀಳುವ ಚಿಲ್ಲರೆಯಲ್ಲಿ ಮಕ್ಕಳ ಕಾಲೇಜು ಶುಲ್ಕ ಕಟ್ಟಲಾಗದು. ಭಕ್ತಿ ಕಸುಬನ್ನು ಉಳಿಸಿದೆ, ನಿಜ. ಕಸುಬಿನವನ ಮಗನನ್ನು ಕಸುಬಿನಲ್ಲಿ ಉಳಿಸುವಷ್ಟು ಅದು ಕೊಡುತ್ತಿಲ್ಲ. ಗೊಂಬೆಯನ್ನು ಗೊಂಬೆಯೆಂದೇ, ಅದರ ಕೆಲಸಕ್ಕೆ ತಕ್ಕ ಬೆಲೆ ಕೊಟ್ಟು ಒಯ್ಯುವ ಗಿರಾಕಿ ಬರುವುದು ದಿಲ್ಲಿ ಹಾಟ್‌ಗೆ, 1987ರಿಂದ ನಡೆಯುತ್ತಿರುವ ಸೂರಜ್‌ಕುಂಡ ಮೇಳಕ್ಕೆ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ. ದಲ್ಲಾಳಿಯ ಉದ್ರಿ ಇಲ್ಲದೆ ರೊಕ್ಕ ಕೈಗೆ ಬರುವುದು ಸಣ್ಣ ಮಾತಲ್ಲ.

ಇನ್ನೊಂದು ಕಾರಣವನ್ನು ನಾನು ಇದಕ್ಕಿಂತ ಹೆಚ್ಚು ತೂಕದ್ದೆಂದು ತಿಳಿದಿದ್ದೇನೆ. ಜಾತ್ರೆ ಎಲ್ಲ ಕೈಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ದೇವಿಗೆ ಬಣ್ಣ ಹಚ್ಚುವ ಕೈಗೆ ಅಲ್ಲಿ ಗೌರವವಿದೆ. ಚರ್ಮ ಹದಮಾಡಿ ಚಪ್ಪಲಿ ಹೊಲಿಯುವ ಕೈ ಗುಡಿಯ ಹೊರಗೇ ಉಳಿಯಿತು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಬಂತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳಿಗೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ತೆರನ ಪಾದರಕ್ಷೆಯನ್ನು ಮೂಲ ಹೇಳದೆ ತೋರಿಸಿದಾಗ ಎದ್ದ ಗದ್ದಲ ಎಲ್ಲರಿಗೂ ಗೊತ್ತು. ಆ ಗದ್ದಲ ಎದ್ದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಇದು ತಮ್ಮದೇ ಜಿಲ್ಲೆಯ ಕೆಲಸವೆಂದು ತಿಳಿದದ್ದು ನೋವಿನ ಸಂಗತಿ. ಸಮಗಾರನಿಗೂ, ಕುಂಬಾರನಿಗೂ, ಕಂಬಳಿ ನೇಯುವ ಕುರುಬನಿಗೂ, ಜೀನಗಾರನಿಗೂ ಒಂದೇ ಅಳತೆಯ ಮಳಿಗೆ ಒಂದೇ ಸಾಲಿನಲ್ಲಿ ಸಿಗುವ ಜಾಗ ಉತ್ಸವವೊಂದೇ. ಹಳೆಯ ಪಂಚಾಂಗ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಇದು ಸಾಧ್ಯವಾಗಿಲ್ಲ.

ಹಾಗೆಂದು ಹೆಸರು, ಪಟ್ಟ, ಪ್ರಚಾರ ಸಿಕ್ಕರೆ ಕಸುಬು ಬದುಕೀತೆ? ನಮ್ಮ ರಾಜ್ಯದಲ್ಲೇ ಎರಡು ಊರುಗಳಿವೆ, ನೋಡಿಕೊಳ್ಳಬಹುದು. ಚನ್ನಪಟ್ಟಣಕ್ಕೂ ಕೊಪ್ಪಳದ ಕಿನ್ನಾಳಕ್ಕೂ ಭೌಗೋಳಿಕ ಮಾನ್ಯತೆ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಕಡಚಲು ಯಂತ್ರದ ಮೇಲೆ ಬೇಗ ಆಗುತ್ತದೆ, ಊರು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿದೆ, ವಿನ್ಯಾಸಕಾರರು ಅಲ್ಲಿಗೆ ಹೋಗಿ ದೀಪ, ಪೆಟ್ಟಿಗೆ, ಮಗುವಿನ ಗಿಲಕಿಗಳಿಗೆ ಹೊಸ ರೂಪ ಕೊಟ್ಟರು. ಕಿನ್ನಾಳದ ಚಿತ್ರಗಾರರದು ಮರದ ತುಂಡುಗಳನ್ನು ಜೋಡಿಸಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮರದ ಪುಡಿಯಿಂದ ಮೈತುಂಬಿಸಿ, ಮೇಲೆ ಬಣ್ಣ ಕೂಡಿಸುವ ನಿಧಾನದ ಕೆಲಸ. ಪಟ್ಟ ಎರಡೂ ಊರಿಗೆ ಸಿಕ್ಕರೂ ಮಾರುಕಟ್ಟೆ ಸಿಕ್ಕದ್ದು ಹೆಚ್ಚಾಗಿ ಒಂದಕ್ಕೆ. ಅದೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ನಾನೂರು ಎಕರೆಯ ಆಟಿಕೆ ಕೈಗಾರಿಕಾ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಉದ್ಯೋಗದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಆಟಿಕೆಯ ಹೆಸರಿನಲ್ಲಿ ಬರುವ ಬಂಡವಾಳ ಯಾವ ದಾರಿ ಹಿಡಿಯುತ್ತದೆ ಎಂಬುದನ್ನೂ ಅದು ತೋರಿಸುತ್ತದೆ. ಗೋಕಾಕದ ಕೆಲಸದ ಬಗೆ ಕಿನ್ನಾಳಕ್ಕೆ ಹತ್ತಿರ, ಚನ್ನಪಟ್ಟಣಕ್ಕಲ್ಲ. ಆದ್ದರಿಂದ ಚನ್ನಪಟ್ಟಣವನ್ನು ತೋರಿಸಿ ಉತ್ಸವದಿಂದ ಎಲ್ಲ ಸರಿಹೋಗುತ್ತದೆ ಎನ್ನುವುದು ಇಲ್ಲಿಯವರಿಗೆ ಕೊಡಬಾರದ ಭರವಸೆ.

ಉತ್ಸವಕ್ಕೆ ಕರೆಯುವ ಹೊಸ, ‘ಸಮಕಾಲೀನ’ ಕಲಾವಿದರ ಬಗ್ಗೆಯೂ ಎರಡು ಮಾತುಗಳಿವೆ. ನಗರದ ಕಲಾವಿದ ಬಂದು ಜೀನಗಾರನ ಜೊತೆ ಕೂತರೆ ಹೊಸ ರೂಪ ಹುಟ್ಟಬಹುದು. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಹೊಸ ಶಿಲ್ಪವಾಗಿಸಿ ಲಕ್ಷಾಂತರ ಜನರನ್ನು ಸೆಳೆದಿದೆ. ಜಾತಿಯೊಳಗೇ ಉಳಿದ ಕಸುಬನ್ನು ಬೇರೆಯವರೂ ಕಲಿಯಲು ಇಂಥ ಕೂಟಗಳೇ ದಾರಿ. ಆದರೆ ತಲೆಮಾರುಗಳಿಂದ ಹಸಿವಿನಲ್ಲೂ ಉಳಿಸಿಕೊಂಡು ಬಂದ ವಿದ್ಯೆಯನ್ನು ವಾರದ ಶಿಬಿರದಲ್ಲಿ ಕಲಿತವನು ತನ್ನ ಹೆಸರಿನಲ್ಲಿ ದುಬಾರಿಗೆ ಮಾರಿದರೆ ಆ ಮನೆಯವರಿಗೆ ಏನು ಹೇಳುವುದು? ಭೌಗೋಳಿಕ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಮನೆತನದ ಪಾಲನ್ನಲ್ಲ. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕಲಿಸಿದ ಮನೆಯವರ ಹೆಸರು ಮಾಲಿನ ಮೇಲೆ ಇರಬೇಕು, ಕಲಿಸಿದ್ದಕ್ಕೆ ಸಂಬಳ ಸಿಗಬೇಕು ಎಂಬಷ್ಟನ್ನಂತೂ ಖಚಿತವಾಗಿ ಹೇಳಬಲ್ಲೆ.

ಕರದಂಟನ್ನು ನೋಡಿ. ಅದಕ್ಕೆ ಯಾವ ಉತ್ಸವವೂ ಬೇಕಾಗಲಿಲ್ಲ. ಬಾಣಂತಿಯ ಮನೆಗೆ, ಬೀಗರ ಮನೆಗೆ, ಊರಿಗೆ ಹೊರಟ ನೆಂಟರ ಚೀಲಕ್ಕೆ ಅದು ಹೋಗುತ್ತದೆ. ಗೋಕಾಕದವರೇ ಕೊಳ್ಳುತ್ತಾರೆ, ಆಮೇಲೆ ಹೊರಗಿನವರು. ಗೊಂಬೆಗೆ ಇಂಥ ಊರಿನ ಗಿರಾಕಿ ತಪ್ಪಿಹೋದ. ಮದುವೆಗೆ, ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಒಯ್ಯುವ ನಾವು ಗೋಕಾಕದ ಹಣ್ಣಿನ ಬುಟ್ಟಿ ಒಯ್ಯುವುದಿಲ್ಲ. ಹೊರಗಿನ ಮೇಳಗಳಿಗಿಂತ ಊರಲ್ಲೇ ನಡೆಯುವ ಉತ್ಸವದ ಪರವಾಗಿ ನಾನು ನಿಲ್ಲುವುದು ಈ ಕಾರಣಕ್ಕೆ. ಸೂರಜ್‌ಕುಂಡದಲ್ಲಿ ಒಮ್ಮೆ ಕೊಂಡವನು ಮತ್ತೆ ಗೋಕಾಕಕ್ಕೆ ಬರಲಾರ. ಸಂಕೇಶ್ವರದವನು, ಯಮಕನಮರಡಿಯವನು, ಕೌಜಲಗಿಯವನು ಬರಬಲ್ಲ.

ಬಂದರೆ ಯಾವಾಗ ಬರಬೇಕು? ಎಲ್ಲ ತೊಡಕೂ ಇಲ್ಲೇ ಕೂಡಿಕೊಂಡಿದೆ. ಪ್ರವಾಸಿಗರು ಗೋಕಾಕಕ್ಕೆ ಮುಗಿಬೀಳುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಘಟಪ್ರಭೆ ತುಂಬಿ ನೂರೆಪ್ಪತ್ತು ಅಡಿ ಮೇಲಿನಿಂದ ಧುಮ್ಮಿಕ್ಕುವಾಗ. ಮಣ್ಣಿನ ಕೆಲಸದವರಿಗೆ ಉಸಿರಾಡಲೂ ಬಿಡುವಿಲ್ಲದ ತಿಂಗಳುಗಳೂ ಅವೇ, ಗಣಪತಿಯ ಮುಂಗಡ ಹಿಡಿದು ಕುಳಿತಿರುತ್ತಾರೆ. ಮಳೆಯಲ್ಲಿ ಬಣ್ಣ ಬೇಗ ಒಣಗುವುದೂ ಇಲ್ಲ. ಆಗ ಉತ್ಸವ ಇಟ್ಟರೆ ಬರುವವರು ವ್ಯಾಪಾರಿಗಳು ಮಾತ್ರ. ಜನವರಿಯ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಿಂದ ಬೇಸಿಗೆಯವರೆಗೆ ಊರೂರ ಜಾತ್ರೆಗಳು. ಉಳಿಯುವುದು ದೀಪಾವಳಿಯ ನಂತರದ ನವೆಂಬರ್, ಡಿಸೆಂಬರ್. ಆಗ ಜಲಪಾತ ಸೊರಗಿರುತ್ತದೆ, ಪ್ರವಾಸಿಗರು ಕಡಿಮೆ. ಆದರೆ ಹಿಡಕಲ್ ಅಣೆಕಟ್ಟಿನ ನೀರುಂಡ ಕಬ್ಬು ಕಾರ್ಖಾನೆಯ ದಾರಿ ಹಿಡಿದಿರುತ್ತದೆ. ಈ ಮೂರೂ ತಾಲ್ಲೂಕುಗಳ ಕಿಸೆ ಕಬ್ಬಿನ ಬಿಲ್ಲನ್ನು ನಂಬಿದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗೆ ಇಳಿದದ್ದನ್ನು ನೆನೆದರೆ, ಬಿಲ್ಲು ಕೈಗೆ ಬರುವ ಮುಂಚೆ ಯಾರೂ ಗೊಂಬೆ ಕೊಳ್ಳುವುದಿಲ್ಲ ಎಂಬುದು ಸ್ಪಷ್ಟ. ಹಾಗಾಗಿ ಡಿಸೆಂಬರ್‌ನ ಕೊನೆಯೇ ಸೂಕ್ತ. ಊರಿನವರಿಗಾಗಿ ನಡೆಯುವ, ಪ್ರವಾಸಿಗರಿಲ್ಲದಿದ್ದರೂ ನಡೆಯಬಲ್ಲ ಉತ್ಸವ ಅದು.

ಅದು ಸಣ್ಣದಾಗಿರಲಿ, ವೇದಿಕೆ ಬೇಕಿದ್ದರೆ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಸಿಗಲಿ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಅದನ್ನು ಬೆಳೆಸಿದ ನೆಲ ಇದು, ಸಿನಿಮಾ ಹಾಡು ಎಲ್ಲೂ ಸಿಗುತ್ತದೆ. ಮಳಿಗೆ ಯಾರಿಗೆ ಎಂಬುದನ್ನು ಅಧಿಕಾರಿಗಳ ಜೊತೆ ಕಸುಬಿನವರೇ ಕೂತು ನಿರ್ಧರಿಸಬೇಕು. ಯಾವ ಮಾಲು ಅಚ್ಚಿನದು, ಯಾವುದು ಕೈಯದು ಎಂದು ಅವರ ಕಣ್ಣಿಗೆ ದೂರದಿಂದಲೇ ಗೊತ್ತಾಗುತ್ತದೆ. ಇಷ್ಟೇ ಮುಖ್ಯವಾದ, ಯಾರೂ ಫೋಟೋ ತೆಗೆಯದ ಕೆಲಸವೊಂದಿದೆ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಮಾನ್ಯತೆಯುಳ್ಳ ಆಟಿಕೆಗಳಿಗೆ ವಿನಾಯಿತಿ ಇದೆ. 2023ರ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಒಂದು, ಉಪಕರಣಕ್ಕೆ 15,000 ರೂಪಾಯಿ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಸಾಲ. ನೋಂದಣಿ ಇಲ್ಲದವನಿಗೆ ಇದಾವುದೂ ಇಲ್ಲ, ದೊಡ್ಡ ಮೇಳಗಳ ಮಳಿಗೆಯೂ ಇಲ್ಲ. ಉತ್ಸವದ ಬಾಗಿಲಲ್ಲೇ ಒಂದು ಮೇಜು ಹಾಕಿ, ಮನೆಯಲ್ಲಿ ಕೂತು ಬಣ್ಣ ಬಳಿಯುವ ಹೆಣ್ಣುಮಕ್ಕಳ ಹೆಸರನ್ನೂ ಬಿಡದೆ, ಬಂದ ಪ್ರತಿ ಕುಶಲಕರ್ಮಿಯ ಅರ್ಜಿಯನ್ನು ಅಲ್ಲೇ ತುಂಬಿಸಿಕೊಳ್ಳಬೇಕು. ಅದಕ್ಕೆ ಬೇಕಾಗುವುದು ಇಬ್ಬರು ಗುಮಾಸ್ತರು, ಒಂದು ಕಂಪ್ಯೂಟರು.